ಅಡಿಕೆ, ಬಿಗಿದ ಬಾಯಿ ಮತ್ತು ಕೋಶದ ಹೊರಗಿನ ಹಂದರ

ಮನುಷ್ಯನ ಮೈಯಲ್ಲಿ ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡು ಸುಮ್ಮನೆ ಕೂತಿರುವುದಿಲ್ಲ. ಅವುಗಳ ಕೆಳಗೆ, ಸುತ್ತ, ನಡುವೆ ಅವೇ ನೇಯ್ದು ಹಾಸಿಕೊಂಡ ಒಂದು ಹಂದರವಿರುತ್ತದೆ. ಕೊಲಾಜೆನ್ ಎಂಬ ಗಟ್ಟಿ ನಾರು, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಇಲಾಸ್ಟಿನ್, ಕೋಶವನ್ನು ನಾರಿಗೆ ಕಚ್ಚಿಸುವ ಫೈಬ್ರೊನೆಕ್ಟಿನ್ ಮತ್ತು ಲ್ಯಾಮಿನಿನ್, ನೀರು ಹಿಡಿದು ಉಬ್ಬುವ ಹಯಲುರೋನಿಕ್ ಆಮ್ಲ ಇದರ ಮುಖ್ಯ ಸಾಮಗ್ರಿ. ಜೀವವಿಜ್ಞಾನದಲ್ಲಿ ಇದಕ್ಕೆ ಎಕ್ಸ್‌ಟ್ರಾಸೆಲ್ಯುಲರ್ ಮ್ಯಾಟ್ರಿಕ್ಸ್ ಎಂದು ಹೆಸರು. ಕನ್ನಡದಲ್ಲಿ ಕೋಶಬಾಹ್ಯ ಹಂದರ ಎನ್ನಬಹುದು. ಮೂಳೆಯ ಗಟ್ಟಿತನ, ಚರ್ಮದ ಬಿಗಿ, ಕೆನ್ನೆಯ ಒಳಪದರದ ಮೆತುವು ಎಲ್ಲವೂ ಬಹುಮಟ್ಟಿಗೆ ಈ ಹಂದರದ ಗುಣಗಳೇ.

ಬಹಳ ಕಾಲ ವಿಜ್ಞಾನಿಗಳು ಇದನ್ನು ಬರೀ ಆಧಾರವೆಂದು ತಿಳಿದಿದ್ದರು. ಕೆಲಸವೆಲ್ಲ ಕೋಶದ ಒಳಗೆ ನಡೆಯುತ್ತದೆ, ಹೊರಗಿರುವುದು ಜಡ ಎಂಬ ಎಣಿಕೆ ಅವರದು. ಕ್ಯಾನ್ಸರ್ ಸಂಶೋಧನೆಯೂ ಅದೇ ದಾರಿ ಹಿಡಿದು ಕೋಶದೊಳಗಿನ ವಂಶವಾಹಿಗಳ ಮೇಲೆ ಕಣ್ಣು ನೆಟ್ಟಿತ್ತು. ಕಳೆದ ನಾಲ್ಕೈದು ದಶಕಗಳಲ್ಲಿ ಈ ಎಣಿಕೆ ಬದಲಾಗಿದೆ. ಹಂದರ ಕೆಟ್ಟರೆ ಒಳಗಿನ ಕೋಶವೂ ಹಾದಿ ತಪ್ಪಬಹುದು ಎಂಬುದಕ್ಕೆ ಈಗ ಸಾಕಷ್ಟು ಆಧಾರಗಳಿವೆ. ಕನ್ನಡ ನಾಡಿನವರು ಇದನ್ನು ಅರಿಯಲು ಹೊರನಾಡಿನ ಪ್ರಯೋಗಶಾಲೆಗಳನ್ನಷ್ಟೇ ನೋಡಬೇಕಿಲ್ಲ. ಅಡಿಕೆ ಜಗಿಯುವವರ ಬಾಯಿ ವರ್ಷದಿಂದ ವರ್ಷಕ್ಕೆ ಬಿಗಿಯುತ್ತ ಹೋಗುವ ಕಾಯಿಲೆಯೊಂದಿದೆ. ಅದು ಮೊದಲಿಗೆ ಹಂದರದ ಕಾಯಿಲೆ. ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ. ಅದನ್ನು ಬಿಡಿಸಿ ನೋಡಿದ ಮುಖ್ಯ ಕೆಲಸಗಳಲ್ಲಿ ಕೆಲವು ಬೆಂಗಳೂರಿನಲ್ಲೇ ನಡೆದಿವೆ.

ಹಂದರದ ಮುಖ್ಯ ನಾರಾದ ಕೊಲಾಜೆನ್ನಿನಿಂದ ಶುರುಮಾಡುವುದು ಸರಿ. ದೇಹದ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಇದೇ. ಇದರಲ್ಲಿ 28 ಬಗೆಗಳನ್ನು ಗುರುತಿಸಲಾಗಿದೆ. ಮೂರು ಎಳೆಗಳು ಒಂದನ್ನೊಂದು ಹೊಸೆದುಕೊಂಡಿರುವ ಇದರ ರಚನೆಯನ್ನು ಮೊದಲು ಸೂಚಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. 1954ರಲ್ಲಿ, ಮದರಾಸು ವಿಶ್ವವಿದ್ಯಾಲಯದಿಂದ. ಪರೀಕ್ಷೆಗೆ ಬೇಕಾದ ಕೊಲಾಜೆನ್ ಅವರಿಗೆ ಸಿಕ್ಕಿದ್ದು ಅದೇ ಊರಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ. ಅದು ಕಾಂಗರೂ ಬಾಲದ ಸ್ನಾಯುರಜ್ಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್, 1970ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಗೆ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಮೂರೆಳೆಯ ಹುರಿಯೊಳಗೆ ಜಾಗ ತೀರ ಕಡಿಮೆ. ಅದಕ್ಕೇ ಪ್ರತಿ ಮೂರನೆಯ ಸ್ಥಾನದಲ್ಲೂ ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದಾದ ಗ್ಲೈಸಿನ್ ಇರಬೇಕಾಗುತ್ತದೆ. ಎಳೆಗಳು ಹುರಿಯಾಗಿ, ಹುರಿಗಳು ನಾರಾಗಿ, ನಾರುಗಳು ಅಡ್ಡಕೊಂಡಿಗಳಿಂದ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಈ ಅಡ್ಡಕೊಂಡಿ ಹಾಕುವ ಕೆಲಸ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ್ದು. ಅದಕ್ಕೆ ತಾಮ್ರ ಬೇಕು. ಈ ತಾಮ್ರದ ಮಾತು ಮುಂದೆ ಅಡಿಕೆಯ ವಿಚಾರದಲ್ಲಿ ಮತ್ತೆ ಬರುತ್ತದೆ.

ಹಂದರವನ್ನು ನೇಯುವವು ಹೆಚ್ಚಾಗಿ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು. ನೇಯ್ದದ್ದನ್ನು ಕತ್ತರಿಸುವ ಕಿಣ್ವಗಳೂ ದೇಹದಲ್ಲಿವೆ. 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಕಪ್ಪೆಮರಿಯ ಬಾಲ ಕರಗುವುದು ಹೇಗೆ ಎಂದು ಹುಡುಕುತ್ತ ಕೊಲಾಜೆನ್ ಕತ್ತರಿಸುವ ಕಿಣ್ವವನ್ನು ಕಂಡರು. ಆ ಕಿಣ್ವದ ಕುಟುಂಬವನ್ನು ಇಂದು ಎಂಎಂಪಿ ಎಂದು ಕರೆಯುತ್ತಾರೆ. ಆರೋಗ್ಯವಂತರ ಮೈಯಲ್ಲಿ ನೇಯ್ಗೆ ಮತ್ತು ಕತ್ತರಿ ಎರಡೂ ತೂಗಿಕೊಂಡು ಸಾಗುತ್ತಿರುತ್ತವೆ. ಗಾಯವಾದಾಗ ನೇಯ್ಗೆ ಜೋರಾಗಿ, ವಾಸಿಯಾದ ಮೇಲೆ ನಿಲ್ಲುತ್ತದೆ. ಹಂದರಕ್ಕೆ ಸಂಬಂಧಪಟ್ಟ ಪ್ರೋಟೀನುಗಳನ್ನು ಬರೆಯುವ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು ಒಂದು ಸಾವಿರ ಇವೆ ಎಂದು ರಿಚರ್ಡ್ ಹೈನ್ಸ್ ಮತ್ತು ಅಲೆಕ್ಸಾಂಡ್ರಾ ನಾಬಾ 2012ರಲ್ಲಿ ಪಟ್ಟಿಮಾಡಿದರು. ಜಡ ಆಧಾರವೊಂದಕ್ಕೆ ಪ್ರಕೃತಿ ಇಷ್ಟು ಖರ್ಚು ಮಾಡುವುದಿಲ್ಲ.

ಕೋಶ ತನ್ನ ಹೊರಗಿನ ಹಂದರವನ್ನು ಮುಟ್ಟಿ ತಿಳಿಯುವುದು ಇಂಟಿಗ್ರಿನ್ ಎಂಬ ಪ್ರೋಟೀನುಗಳಿಂದ. ಇವು ಕೋಶದ ಪೊರೆಯನ್ನು ತೂರಿಕೊಂಡು ನಿಂತಿರುತ್ತವೆ. ಒಂದು ತುದಿ ಹೊರಗಿನ ನಾರನ್ನು ಹಿಡಿದರೆ ಇನ್ನೊಂದು ತುದಿ ಒಳಗಿನ ಎಲುಬುಗಟ್ಟಿಗೆ ಅಂಟಿಕೊಂಡಿರುತ್ತದೆ. ಹೊರಗೆ ಎಳೆತ ಹೆಚ್ಚಾದರೆ ಒಳಗೆ ಸಂಕೇತ ಓಡುತ್ತದೆ, ಆ ಸಂಕೇತ ಕೋಶಕೇಂದ್ರ ಮುಟ್ಟಿ ಯಾವ ವಂಶವಾಹಿ ಕೆಲಸ ಮಾಡಬೇಕೆಂಬುದನ್ನೂ ಬದಲಿಸುತ್ತದೆ. ಇಂಟಿಗ್ರಿನ್‌ಗಳನ್ನು ಕಂಡುಹಿಡಿದದ್ದಕ್ಕೆ ಹೈನ್ಸ್, ಎರ್ಕಿ ರುವೊಸ್ಲಾಹ್ಟಿ ಮತ್ತು ತಿಮೋಥಿ ಸ್ಪ್ರಿಂಗರ್ ಅವರಿಗೆ 2022ರ ಲಾಸ್ಕರ್ ಪ್ರಶಸ್ತಿ ಬಂತು.

ಕ್ಯಾನ್ಸರಿಗೂ ಸುತ್ತಲಿನ ಅಂಗಾಂಶಕ್ಕೂ ನಂಟಿದೆ ಎಂಬ ಸಂದೇಹ ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ದಾಖಲೆ ನೋಡಿ, ಗೆಡ್ಡೆ ಮೈಯೊಳಗೆ ಎಲ್ಲೆಂದರಲ್ಲಿ ಹರಡುವುದಿಲ್ಲ, ಕೆಲವು ಅಂಗಗಳನ್ನೇ ಆರಿಸಿಕೊಳ್ಳುತ್ತದೆ ಎಂದು ತೋರಿಸಿದ. ಬೀಜದಷ್ಟೇ ನೆಲವೂ ಮುಖ್ಯ ಎಂಬುದು ಅವನ ವಾದ. ಈ ವಾದ ಸುಮಾರು ನೂರು ವರ್ಷ ಪುಸ್ತಕಗಳ ಮೂಲೆಯಲ್ಲೇ ಉಳಿಯಿತು.

ಅದನ್ನು ಪ್ರಯೋಗಕ್ಕೆ ಇಳಿಸಿದವರಲ್ಲಿ ಮೊದಲಿಗೆ ಹೇಳಬೇಕಾದ ಹೆಸರು ಇರಾನ್ ಮೂಲದ ಮೀನಾ ಬಿಸೆಲ್. ಹಂದರ ಮತ್ತು ವಂಶವಾಹಿ ಪರಸ್ಪರ ಮಾತಾಡುತ್ತವೆ ಎಂದು 1982ರಲ್ಲಿ ಅವರು ಬರೆದಾಗ ನಂಬಿದವರು ಕಡಿಮೆ. ಎರಡು ವರ್ಷದ ಮೇಲೆ ಬಂದ ಒಂದು ಪ್ರಯೋಗ ಬಾಯಿ ಮುಚ್ಚಿಸುವಂಥದ್ದು. ಕೋಳಿಗೆ ಕ್ಯಾನ್ಸರ್ ತರುವ ರೌಸ್ ಸಾರ್ಕೋಮಾ ವೈರಸ್ಸನ್ನು ಮೊಟ್ಟೆಯೊಳಗಿನ ಎಳೆಯ ಭ್ರೂಣಕ್ಕೆ ಚುಚ್ಚಿದಾಗ, ವೈರಸ್ಸಿನ ಕ್ಯಾನ್ಸರ್ ವಂಶವಾಹಿ ಕೆಲಸ ಮಾಡುತ್ತಿದ್ದರೂ ಗೆಡ್ಡೆ ಬರಲಿಲ್ಲ. ಅದೇ ಭ್ರೂಣದ ಕೋಶಗಳನ್ನು ಬಿಡಿಬಿಡಿಯಾಗಿ ಕಿತ್ತು ಗಾಜಿನ ತಟ್ಟೆಗೆ ಹಾಕಿದ ಕೂಡಲೇ ಅವು ಕ್ಯಾನ್ಸರ್ ಕೋಶಗಳಂತೆ ವರ್ತಿಸತೊಡಗಿದವು. ಸುತ್ತಲಿನ ಕಟ್ಟು ಗಟ್ಟಿಯಿದ್ದಷ್ಟು ಹೊತ್ತು ಕೆಟ್ಟ ವಂಶವಾಹಿಯೂ ಹದ್ದುಬಸ್ತಿನಲ್ಲಿತ್ತು. 1997ರಲ್ಲಿ ಅವರ ತಂಡ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಮನುಷ್ಯರ ಸ್ತನ ಕ್ಯಾನ್ಸರ್ ಕೋಶಗಳ ಮೇಲಿನ ಒಂದು ಇಂಟಿಗ್ರಿನ್ನನ್ನು ತಡೆದಾಗ, ವಂಶವಾಹಿಯ ದೋಷಗಳು ಹಾಗೇ ಇದ್ದರೂ ಕೋಶಗಳು ಸಹಜ ಗ್ರಂಥಿಯ ಆಕಾರಕ್ಕೆ ಮರಳಿದವು. ನಡುವೆ 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಎಂಬ ಅಮೆರಿಕದ ರೋಗವಿಜ್ಞಾನಿ, ಗೆಡ್ಡೆಯೆಂದರೆ ಮಾಯದ ಗಾಯ ಎಂದು ಬರೆದ. ಗಾಯ ಮಾಯುವಾಗ ಹಂದರದಲ್ಲಿ ಏನೇನು ನಡೆಯುತ್ತದೋ ಅದೆಲ್ಲ ಗೆಡ್ಡೆಯಲ್ಲೂ ನಡೆಯುತ್ತದೆ, ಆದರೆ ನಿಲ್ಲುವುದಿಲ್ಲ.

ಮಾಯದ ಗಾಯ ಎಂಬ ಮಾತು ಅಕ್ಷರಶಃ ಹೊಂದುವುದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಬಾಯಿಯ ಕಾಯಿಲೆಗೆ. ಮೊದಲ ಲಕ್ಷಣ ಉರಿ. ಸಾರಿನ ಖಾರ ತಾಕಿದರೂ ಬಾಯಿ ಉರಿಯುತ್ತದೆ, ಒಳಗೆ ಸಣ್ಣ ಗುಳ್ಳೆಗಳೇಳುತ್ತವೆ. ಆಮೇಲೆ ಕೆನ್ನೆಯ ಒಳಭಾಗ ಕೆಂಪು ಕಳೆದುಕೊಂಡು ಬಿಳಿಚುತ್ತದೆ. ಬೆರಳಿಟ್ಟು ಒತ್ತಿದರೆ ನಾರಿನ ಪಟ್ಟಿಗಳು ಸಿಗುತ್ತವೆ. ದವಡೆ ತೆರೆಯುವುದು ವರ್ಷವರ್ಷ ಕಡಿಮೆಯಾಗುತ್ತದೆ, ನಾಲಿಗೆ ಚಾಚಲು ಬರುವುದಿಲ್ಲ, ಕಿರುನಾಲಿಗೆ ಮುದುಡುತ್ತದೆ, ಸಿಳ್ಳೆ ಹೊಡೆಯಲು, ಬಲೂನು ಊದಲು ಆಗುವುದಿಲ್ಲ. ಕೊನೆಗೆ ಮುದ್ದೆಯ ತುತ್ತು ಬಾಯೊಳಗೆ ಹೋಗುವುದೇ ಕಷ್ಟ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲಿನ ಕೋಶಪದರ ತೆಳುವಾಗಿರುತ್ತದೆ, ಕೆಳಗೆ ಕೊಲಾಜೆನ್ ಒತ್ತೊತ್ತಾಗಿ ತುಂಬಿರುತ್ತದೆ, ರಕ್ತನಾಳಗಳು ಅದರ ನಡುವೆ ಹಿಚುಕಿಕೊಂಡಿರುತ್ತವೆ.

ಈ ಕಾಯಿಲೆ ಆಧುನಿಕ ವೈದ್ಯಕೀಯದ ಪುಸ್ತಕಕ್ಕೆ ಸೇರಿದ್ದು 1952ರಲ್ಲಿ, ಅದೂ ಪೂರ್ವ ಆಫ್ರಿಕಾದಿಂದ. ಅಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯ ಇದನ್ನು ಗುರುತಿಸಿದ. ಮರುವರ್ಷ ಮುಂಬಯಿಯ ಎಸ್.ಜಿ. ಜೋಶಿ ಇದನ್ನು ಭಾರತದಲ್ಲೇ ವಿವರಿಸಿದರು. ಮೊದಮೊದಲು ಅನುಮಾನ ಹೋಗಿದ್ದು ಮೆಣಸಿನಕಾಯಿಯ ಮೇಲೆ. ಉರಿ ಅದರಿಂದಲೇ ಬರುತ್ತಿದ್ದಿರಬೇಕು ಎಂಬ ಸರಳ ಲೆಕ್ಕ. ನಂತರದ ಸಮೀಕ್ಷೆಗಳು ಬೆರಳು ತೋರಿಸಿದ್ದು ಅಡಿಕೆಯತ್ತ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಒಂದನೆಯ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಹಾಕದಿದ್ದರೆ ಅಡಿಕೆ ನಿರಪಾಯ ಎಂಬ ನಂಬಿಕೆ ಕರ್ನಾಟಕದಲ್ಲಿ ಈಗಲೂ ಬಲವಾಗಿದೆ. ಅದಕ್ಕೆ ಆಧಾರವಿಲ್ಲ.

ಅಡಿಕೆ ಹಂದರವನ್ನು ಕೆಡಿಸುವ ಬಗೆ ಒಂದಲ್ಲ. ಅದರಲ್ಲಿರುವ ಅರೆಕೊಲಿನ್ ಎಂಬ ಕ್ಷಾರಸತ್ವ ಫೈಬ್ರೋಬ್ಲಾಸ್ಟ್‌ಗಳಿಂದ ಹೆಚ್ಚು ಕೊಲಾಜೆನ್ ಹುಟ್ಟಿಸುತ್ತದೆ ಎಂದು 1980ರ ದಶಕದಲ್ಲೇ ಪ್ರಯೋಗಗಳು ತೋರಿಸಿದವು. ಎಲೆಗೆ ಹಚ್ಚುವ ಸುಣ್ಣ ಅರೆಕೊಲಿನ್ನನ್ನು ಅರೆಕೈಡಿನ್ ಆಗಿ ಒಡೆಯುತ್ತದೆ. ಎರಡನೆಯದು ತಾಮ್ರ. ಅಡಿಕೆಯಲ್ಲಿ ತಾಮ್ರದ ಅಂಶ ಸಾಮಾನ್ಯ ತಿನಿಸುಗಳಿಗಿಂತ ಹೆಚ್ಚು. ಜಗಿದಾಗ ಅದು ಜೊಲ್ಲಿಗೆ ಇಳಿಯುತ್ತದೆ, ಅಡ್ಡಕೊಂಡಿ ಹಾಕುವ ಲೈಸಿಲ್ ಆಕ್ಸಿಡೇಸಿಗೆ ಒತ್ತಾಸೆಯಾಗುತ್ತದೆ. ರೋಗಿಗಳ ಬಾಯಿಯ ಅಂಗಾಂಶದಲ್ಲಿ ಆ ಕಿಣ್ವ ಹೆಚ್ಚಿರುವುದು ಕಂಡಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲೂ ಮೈಲುತುತ್ತದ ರೂಪದಲ್ಲಿ ತಾಮ್ರ ಇರುವುದರಿಂದ, ಆ ಸಿಂಪಡಣೆಯ ಪಾಲೆಷ್ಟು ಎಂದೂ ಸಂಶೋಧಕರು ಕೇಳಿದ್ದಾರೆ.

ಮೂರನೆಯದು ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಪದಾರ್ಥ. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಇಳಿಯುವ ಕೆಂಪು ರಸ ಚೊಗರು. ಕೆಂಪಡಿಕೆಗೆ ಬಣ್ಣ ಕಟ್ಟುವುದು ಅದೇ. ಅದರ ಒಗರಿಗೆ ಕಾರಣ ಟ್ಯಾನಿನ್. ಹಸಿ ತೊಗಲನ್ನು ಕೊಳೆಯದ ಚರ್ಮವಾಗಿ ಹದಮಾಡುವಾಗ ಮರದ ತೊಗಟೆಯಿಂದ ತೆಗೆದು ಬಳಸುವುದೂ ಟ್ಯಾನಿನ್ನನ್ನೇ. ತೊಗಲಿನಲ್ಲಿರುವುದು ಕೊಲಾಜೆನ್. ಟ್ಯಾನಿನ್ ಅದಕ್ಕೆ ಅಂಟಿಕೊಂಡರೆ ಕತ್ತರಿಸುವ ಕಿಣ್ವಗಳಿಗೆ ಅದು ಬಗ್ಗುವುದಿಲ್ಲ. ದಿನಕ್ಕೆ ಹಲವು ಸಲ, ವರ್ಷಾನುಗಟ್ಟಲೆ ಕೆನ್ನೆಯ ಸಂದಿಯಲ್ಲಿ ಅಡಿಕೆ ಇಟ್ಟುಕೊಳ್ಳುವವರು ತಮ್ಮ ಬಾಯಿಯ ಒಳಪದರವನ್ನು ಸ್ವಲ್ಪ ಸ್ವಲ್ಪವಾಗಿ ಹದಹಾಕುತ್ತಿರುತ್ತಾರೆ. ಹೊಸ ನಾರು ಹೆಚ್ಚು ಹುಟ್ಟುತ್ತದೆ, ಹುಟ್ಟಿದ್ದು ಬಿಗಿಯಾಗಿ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡದ್ದು ಕರಗುವುದಿಲ್ಲ. ಬಾಯಿ ಬಿಗಿಯದೆ ಇನ್ನೇನು?

ಈ ಚಿತ್ರದಲ್ಲಿ ಒಂದು ಕೊರತೆಯಿತ್ತು. ಜಗಿದ ಅಡಿಕೆಯ ರಸ ಮೊದಲು ಮುಟ್ಟುವುದು ಬಾಯಿಯ ಮೇಲ್ಪದರದ ಕೋಶಗಳನ್ನು. ನಾರು ಹೆಚ್ಚುವುದು ಅದರ ಕೆಳಗೆ. ನಡುವೆ ಸುದ್ದಿ ಒಯ್ಯುವವರು ಯಾರು? ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಕೊಂಡಯ್ಯ ಅವರ ಪ್ರಯೋಗಾಲಯ ಹಿಡಿದದ್ದು ಈ ಪ್ರಶ್ನೆಯನ್ನು. ಬೆಂಗಳೂರಿನ ಬಾಯಿ ಶಸ್ತ್ರವೈದ್ಯ ಎಸ್. ಗಿರೀಶ್ ರಾವ್ ಅವರು ಈ ಕೆಲಸದಲ್ಲಿ ಜೊತೆಗಾರರು. 2011ರಿಂದ 2016ರವರೆಗೆ ಪ್ರಕಟವಾದ ಅವರ ಪ್ರಬಂಧಗಳು ಒಂದರ ಮೇಲೊಂದು ಕಟ್ಟಿದ ಗೋಡೆಯ ವರಸೆಗಳು. ರೋಗಿಗಳ ಅಂಗಾಂಶದಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನಿನ ಚಟುವಟಿಕೆ ಏರಿರುವುದನ್ನೂ, ನಾರುಗಟ್ಟುವಿಕೆಯನ್ನು ತಡೆಯುವ ಬಿಎಂಪಿ-7 ಇಳಿದಿರುವುದನ್ನೂ ಮೊದಲು ತೋರಿಸಿದರು. ಟಿಜಿಎಫ್-ಬೀಟಾ ಗಾಯ ಮಾಯಿಸುವಾಗ ಹಂದರ ನೇಯಲು ಫೈಬ್ರೋಬ್ಲಾಸ್ಟ್‌ಗಳಿಗೆ ಅಪ್ಪಣೆ ಕೊಡುವ ಪ್ರೋಟೀನು.

ಅಡಿಕೆಯ ಸಾರವನ್ನು ತಟ್ಟೆಯಲ್ಲಿ ಬೆಳೆಸಿದ ಮೇಲ್ಪದರದ ಕೋಶ, ಫೈಬ್ರೋಬ್ಲಾಸ್ಟ್ ಎರಡಕ್ಕೂ ಕೊಟ್ಟು ನೋಡಿದಾಗ, ಟಿಜಿಎಫ್-ಬೀಟಾ ಸಂಕೇತ ಎದ್ದದ್ದು ಮೇಲ್ಪದರದ ಕೋಶಗಳಲ್ಲಿ. ಅವು ಸುರಿಸಿದ ದ್ರವವನ್ನು ಫೈಬ್ರೋಬ್ಲಾಸ್ಟ್‌ಗಳ ಮೇಲೆ ಹಾಕಿದರೆ ಅವೂ ಎದ್ದು ಹಂದರ ನೇಯತೊಡಗಿದವು. ಅಂದರೆ ಮೇಲಿನ ಪದರ ಏಟು ತಿಂದು ಕೆಳಗಿನ ಪದರಕ್ಕೆ ಕೂಗು ಹಾಕುತ್ತದೆ. 2016ರ ಪ್ರಬಂಧ ಆ ಕೂಗಿನ ಒಳದಾರಿಯನ್ನು ತೆರೆದಿಟ್ಟಿತು. ಅಡಿಕೆಯ ರಸ ಕೋಶದ ಮೇಲಿನ ಮಸ್ಕರಿನಿಕ್ ಗ್ರಾಹಕವನ್ನು ಕೆಣಕುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಚುರುಕಾದ ಆಮ್ಲಜನಕ ಕಣಗಳು ಹುಟ್ಟುತ್ತವೆ. ಜೆಎನ್‌ಕೆ ಎಂಬ ಕಿಣ್ವ ಎಚ್ಚರಗೊಂಡು ಟಿಜಿಎಫ್-ಬೀಟಾ ವಂಶವಾಹಿಯನ್ನು ಓದಿಸುತ್ತದೆ. ಎಚ್ಚರಗೊಂಡ ಜೆಎನ್‌ಕೆ ರೋಗಿಗಳ ಬಾಯಿಯ ಚೂರುಗಳಲ್ಲೂ ಕಂಡಿತು, ಆರೋಗ್ಯವಂತರದ್ದರಲ್ಲಿ ಕಾಣಲಿಲ್ಲ. ಇದೇ ಟಿಜಿಎಫ್-ಬೀಟಾ ಮೇಲ್ಪದರದ ಕೋಶಗಳ ಬೆಳವಣಿಗೆಯನ್ನು ತಗ್ಗಿಸುವುದರಿಂದ ಆ ಪದರ ತೆಳುವಾಗುವುದಕ್ಕೂ ಕಾರಣ ಸಿಕ್ಕಂತಾಯಿತು. ನಾಡಿನ ಜನರ ಚಟವೊಂದನ್ನು ನಾಡಿನ ಪ್ರಯೋಗಾಲಯ ಅಣುಮಟ್ಟಕ್ಕೆ ಇಳಿದು ವಿವರಿಸಿದ ಇಂಥ ಉದಾಹರಣೆಗಳು ಹೆಚ್ಚಿಲ್ಲ. ಅದು ಹೊರಗೆ ಅಷ್ಟಾಗಿ ಗೊತ್ತಾಗದೇ ಹೋದದ್ದು ದುರದೃಷ್ಟ.

ಬಾಯಿ ಬಿಗಿದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 66 ರೋಗಿಗಳನ್ನು 17 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ನೂರಕ್ಕೆ 7.6 ಮಂದಿಯಲ್ಲಿ ಅದು ಕ್ಯಾನ್ಸರಿಗೆ ತಿರುಗಿತು. ಸಣ್ಣ ಅಂಕಿಯೆಂದು ತೋರಬಹುದು. ಆದರೆ ಜಗಿಯುವವರ ಸಂಖ್ಯೆ ಸಣ್ಣದಲ್ಲ. 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ, ಅವುಗಳಲ್ಲಿ 83,400 ಭಾರತದವು ಎಂದು ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆ 2024ರಲ್ಲಿ ಅಂದಾಜು ಪ್ರಕಟಿಸಿತು.

ನಾರುಗಟ್ಟಿದ ಹಂದರ ಕ್ಯಾನ್ಸರಿನತ್ತ ಹೇಗೆ ದೂಡುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಅಡಿಕೆಯಿಂದ ಹುಟ್ಟುವ ನೈಟ್ರೋಸಮೈನ್‌ಗಳು ಡಿಎನ್‌ಎಗೆ ನೇರವಾಗಿ ಹಾನಿ ಮಾಡುತ್ತವೆ. ತೆಳುವಾದ ಮೇಲ್ಪದರ ಅವುಗಳನ್ನು ತಡೆಯಲಾರದು. ರಕ್ತನಾಳಗಳು ಹಿಚುಕಿಕೊಂಡಲ್ಲಿ ಆಮ್ಲಜನಕ ಸಾಲದು, ಆ ಕೊರತೆ ಕೋಶಗಳ ಸ್ವಭಾವವನ್ನು ಬದಲಿಸುತ್ತದೆ. ಇದರ ಮೇಲೆ ಬಿಗಿತ ಎಂಬ ಗುಣವೇ ಒಂದು ಸಂಕೇತ. ಸ್ತನದ ಅಂಗಾಂಶದ ಮೇಲೆ 2005ರಲ್ಲಿ ವಲೆರಿ ವೀವರ್ ಅವರ ತಂಡ ಮಾಡಿದ ಕೆಲಸ ಇದಕ್ಕೆ ಒಳ್ಳೆಯ ಸಾಕ್ಷಿ. ಮೆತ್ತನೆಯ ಹಂದರದಲ್ಲಿ ಅಚ್ಚುಕಟ್ಟಾಗಿ ಗ್ರಂಥಿ ಕಟ್ಟುತ್ತಿದ್ದ ಕೋಶಗಳು ಗಡುಸು ಹಂದರದಲ್ಲಿ ಶಿಸ್ತು ಮುರಿದು ಹರಡತೊಡಗಿದವು. 2009ರಲ್ಲಿ ಅದೇ ತಂಡ ಇಲಿಗಳಲ್ಲಿ ಲೈಸಿಲ್ ಆಕ್ಸಿಡೇಸನ್ನು ತಡೆದು ಹಂದರವನ್ನು ಮೆದುವಾಗಿಟ್ಟಾಗ ಗೆಡ್ಡೆ ಬೆಳೆಯುವುದು ನಿಧಾನವಾಯಿತು. ಸ್ತನದಲ್ಲಿ ಗಂಟು ಗಟ್ಟಿಯಾಗಿ ಕೈಗೆ ಸಿಗುವುದೂ ಬಹುಪಾಲು ಹಂದರದ ಗಡುಸುತನದಿಂದಲೇ.

ಹುಟ್ಟಿದ ಗೆಡ್ಡೆ ಹರಡಬೇಕಾದರೆ ಮತ್ತೆ ಹಂದರವನ್ನು ಎದುರಿಸಬೇಕು. ಮೇಲ್ಪದರದ ಕೋಶಗಳಡಿ ಲ್ಯಾಮಿನಿನ್ ಮತ್ತು ನಾಲ್ಕನೆಯ ಬಗೆಯ ಕೊಲಾಜೆನ್ನಿನ ತೆಳು ತಳಪೊರೆಯೊಂದಿದೆ. ಅದನ್ನು ತೂರದಿರುವ ತನಕ ಕ್ಯಾನ್ಸರ್ ಇದ್ದಲ್ಲೇ ಇರುತ್ತದೆ, ಶಸ್ತ್ರಚಿಕಿತ್ಸೆಯಿಂದ ವಾಸಿಮಾಡುವುದು ಸುಲಭ. ತೂರಿದ ಮೇಲೆ ಎಂಎಂಪಿಗಳಿಂದ ನಾರುಗಳನ್ನು ಕತ್ತರಿಸುತ್ತ, ಒಂದೇ ದಿಕ್ಕಿಗೆ ಎಳೆದು ನಿಂತ ಕೊಲಾಜೆನ್ ನಾರುಗಳ ಗುಂಟ ಕೋಶಗಳು ಸಾಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮ್‌ರಾಯ್ ಭಟ್ ಅವರ ತಂಡ ಸ್ತನ ಕ್ಯಾನ್ಸರ್ ಕೋಶಗಳು ಈ ಎರಡು ಬಗೆಯ ಹಂದರಗಳನ್ನು ದಾಟುವ ರೀತಿಯನ್ನು ಪ್ರಯೋಗ ಮತ್ತು ಗಣಕ ಮಾದರಿಗಳಿಂದ ಅಭ್ಯಾಸ ಮಾಡಿದೆ. ಅಂಡಾಶಯದ ಕ್ಯಾನ್ಸರಿನ ಮೇಲೆ 2021ರಲ್ಲಿ ಅವರು ಪ್ರಕಟಿಸಿದ ಸಂಗತಿ ಇನ್ನೂ ಕುತೂಹಲದ್ದು. ಹೊಟ್ಟೆಯ ನೀರಿನಲ್ಲಿ ತೇಲುವ ಕ್ಯಾನ್ಸರ್ ಕೋಶಗಳು ಮೊದಲು ಹಿಪ್ಪುನೇರಳೆ ಹಣ್ಣಿನ ಆಕಾರದ ಗಂಟುಗಳಾಗಿ, ಆಮೇಲೆ ಒಳಗೆ ಪೊಳ್ಳಿರುವ ನುಣುಪು ಗುಂಡುಗಳಾಗುತ್ತವೆ. ಆ ಗುಂಡಿನ ಮೇಲೆ ತಳಪೊರೆಯದೇ ಸಾಮಗ್ರಿಯ ಒಂದು ಕವಚವಿರುತ್ತದೆ. ಕಿಣ್ವ ಹಾಕಿ ಕವಚ ಕರಗಿಸಿದರೆ ಪೊಳ್ಳು ಮುಚ್ಚಿ ಮತ್ತೆ ಹಳೆಯ ಗಂಟಾಗುತ್ತದೆ. ಊರು ಬಿಟ್ಟು ಹೊರಟ ಕ್ಯಾನ್ಸರ್ ಕೋಶಗಳೂ ಹಂದರವನ್ನು ಜೊತೆಗೇ ಕಟ್ಟಿಕೊಂಡು ಓಡಾಡುತ್ತವೆ ಎಂದಾಯಿತು.

ಹಂದರವನ್ನು ಕೆಡಿಸುವುದು ಅಡಿಕೆಯೊಂದೇ ಅಲ್ಲ. ತಂಬಾಕಿನ ಹೊಗೆಗೂ ಹಂದರಕ್ಕೂ ಇರುವ ನಂಟು ಹಾಸನ ಜಿಲ್ಲೆಯ ಓದುಗರಿಗೆ ಹತ್ತಿರದ ವಿಷಯ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ದಡದಲ್ಲಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಸುತ್ತಲಿನ ರೈತರು ಬ್ಯಾರನ್ನಿನಲ್ಲಿ ಬೇಯಿಸಿ ಹದಮಾಡಿದ ವರ್ಜೀನಿಯಾ ಸೊಪ್ಪನ್ನು ಬೇಲು ಕಟ್ಟಿ ಅಲ್ಲಿಗೆ ತರುತ್ತಾರೆ. ಅದು ಜಗಿಯುವ ಹೊಗೆಸೊಪ್ಪಲ್ಲ, ಸಿಗರೇಟಿಗೆ ಹೋಗುವ ಸರಕು. ಸಿಗರೇಟಿನ ಹೊಗೆ ಡಿಎನ್‌ಎ ಕೆಡಿಸುವುದು ಹಳೆಯ ಸುದ್ದಿ. ಶ್ವಾಸಕೋಶದ ಹಂದರವನ್ನೂ ಅದು ಕತ್ತರಿಸುತ್ತದೆ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಮಿಕಾಲಾ ಎಗೆಬ್ಲಾಡ್ ತಂಡ 2018ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಶ್ವಾಸಕೋಶದಲ್ಲಿ ಬಹಳ ಕಾಲದಿಂದ ಮಲಗಿದ್ದ ಸ್ತನ ಕ್ಯಾನ್ಸರ್ ಕೋಶಗಳು ಹೊಗೆಯಿಂದ ಎಚ್ಚೆತ್ತವು. ಹೊಗೆಯಿಂದ ಉರಿಯೂತ ಎದ್ದು, ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕೋಶಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಎಸೆಯುತ್ತವೆ. ಬಲೆಗೆ ಅಂಟಿದ ಕಿಣ್ವಗಳು ಹಂದರದ ಲ್ಯಾಮಿನಿನ್ನನ್ನು ತುಂಡರಿಸುತ್ತವೆ. ತುಂಡಾದ ಲ್ಯಾಮಿನಿನ್ನಿನ ಹೊಸ ಮುಖವನ್ನು ಇಂಟಿಗ್ರಿನ್ ಮುಟ್ಟಿದಾಗ ಮಲಗಿದ್ದ ಕೋಶ ಮತ್ತೆ ವಿಭಜನೆಗೆ ತೊಡಗುತ್ತದೆ. ಬೆಳೆಯುವ ಸೊಪ್ಪಿನ ಬಹುಪಾಲು ಪರದೇಶಕ್ಕೆ ಹೋಗುತ್ತದೆ ಎಂಬುದು ಇಲ್ಲಿ ಸಮಾಧಾನದ ಮಾತೇನಲ್ಲ.

ಹಂದರವೇ ದೋಷಿಯಾದರೆ ಅದಕ್ಕೇ ಮದ್ದು ಕೊಟ್ಟರಾಯಿತಲ್ಲ ಎಂಬ ಯೋಚನೆ ಔಷಧ ಕಂಪನಿಗಳಿಗೂ ಬಂತು. 1990ರ ದಶಕದಲ್ಲಿ ಎಂಎಂಪಿ ಕಿಣ್ವಗಳನ್ನು ತಡೆಯುವ ಬ್ಯಾಟಿಮಾಸ್ಟಾಟ್, ಮಾರಿಮಾಸ್ಟಾಟ್ ಮುಂತಾದ ಮದ್ದುಗಳು ದೊಡ್ಡ ಭರವಸೆ ಹುಟ್ಟಿಸಿ ಸೋತವು. ರೋಗಿಗಳ ಕೀಲುಗಳು ನೋಯತೊಡಗಿದವು, ಆಯುಷ್ಯ ಹೆಚ್ಚಲಿಲ್ಲ. ಕತ್ತರಿಸುವ ಕಿಣ್ವಗಳಲ್ಲಿ ಕೆಲವು ದೇಹವನ್ನು ಕಾಯುವಂಥವು ಎಂಬುದೂ, ಕ್ಯಾನ್ಸರ್ ಆಗಲೇ ಹರಡಿದ ಮೇಲೆ ಮದ್ದು ಕೊಟ್ಟದ್ದೂ ಸೋಲಿನ ಕಾರಣಗಳು. 2014ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಮೇದೋಜೀರಕದ ಕ್ಯಾನ್ಸರಿರುವ ಇಲಿಗಳಲ್ಲಿ ಹಂದರ ನೇಯುವ ಕೋಶಗಳನ್ನು ತೆಗೆದುಹಾಕಿದರೆ ಗೆಡ್ಡೆ ಇನ್ನಷ್ಟು ಉಗ್ರವಾಯಿತು. ಅದೇ ಕ್ಯಾನ್ಸರಿನಲ್ಲಿ ಹಯಲುರೋನಿಕ್ ಆಮ್ಲ ಕರಗಿಸುವ ಕಿಣ್ವದ ಪ್ರಯೋಗವೂ 2019ರಲ್ಲಿ ಫಲ ಕೊಡಲಿಲ್ಲ. ಹಂದರ ಗೆಡ್ಡೆಗೆ ದಾರಿಯೂ ಹೌದು, ಬೇಲಿಯೂ ಹೌದು. ಪೂರಾ ಕಿತ್ತೊಗೆಯುವುದು ಜಾಣತನವಲ್ಲ.

ಈಗಿನ ಪ್ರಯತ್ನಗಳು ಹೆಚ್ಚು ಎಚ್ಚರದವು. ಬೆಂಗಳೂರಿನ ಬಯೋಕಾನ್ ಬಳಗದಲ್ಲಿ ಹುಟ್ಟಿ ಈಗ ಬಾಸ್ಟನ್ನಿನಲ್ಲಿ ನೆಲೆಸಿರುವ ಬೈಕಾರಾ ಎಂಬ ಕಂಪನಿಯ ಫೈಸೆರಾಫಸ್ಪ್ ಆಲ್ಫಾ ಇವುಗಳಲ್ಲೊಂದು. ಇದರ ಒಂದು ಭಾಗ ಕ್ಯಾನ್ಸರ್ ಕೋಶದ ಇಜಿಎಫ್‌ಆರ್ ಗ್ರಾಹಕವನ್ನು ಹಿಡಿಯುತ್ತದೆ, ಇನ್ನೊಂದು ಭಾಗ ಅಲ್ಲೇ ಸುತ್ತಮುತ್ತಲ ಟಿಜಿಎಫ್-ಬೀಟಾವನ್ನು ಹೀರಿಕೊಳ್ಳುತ್ತದೆ. ಇಡೀ ಮೈಯ ಬದಲು ಗೆಡ್ಡೆಯ ಜಾಗದಲ್ಲಷ್ಟೇ ನೇಯ್ಗೆಯ ಅಪ್ಪಣೆಯನ್ನು ತಡೆಯುವ ಉಪಾಯ ಇದು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಇದರ ಕೊನೆಯ ಹಂತದ ಪರೀಕ್ಷೆ ನಡೆಯುತ್ತಿದೆ.

ಬಿಗಿದ ಬಾಯಿಗೆ ಸದ್ಯಕ್ಕಿರುವ ಚಿಕಿತ್ಸೆಯೂ ಹಂದರದ ಮೇಲೆಯೇ. ಕೆನ್ನೆಯ ಒಳಗೆ ಹಯಲುರೋನಿಕ್ ಆಮ್ಲ ಕರಗಿಸುವ ಹಯಲುರೋನಿಡೇಸ್ ಮತ್ತು ಸ್ಟೆರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ, ದವಡೆಯ ವ್ಯಾಯಾಮ ಹೇಳಿಕೊಡುತ್ತಾರೆ. ತೀರ ಬಿಗಿದವರಿಗೆ ನಾರಿನ ಪಟ್ಟಿ ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ಉರಿ ತಗ್ಗುತ್ತದೆ, ಬಾಯಿ ಒಂದಿಷ್ಟು ತೆರೆಯುತ್ತದೆ. ಹದವಾದ ತೊಗಲು ಮತ್ತೆ ಹಸಿ ತೊಗಲಾಗದಂತೆ ಮೊದಲಿನ ಬಾಯಿ ಮರಳುವುದಿಲ್ಲ. ಅಡಿಕೆ ಬಿಡದೆ ಮಾಡಿಸಿಕೊಂಡ ಚಿಕಿತ್ಸೆ ವ್ಯರ್ಥ.

ಕರ್ನಾಟಕ ಸರ್ಕಾರ ತಂಬಾಕು ಬೆರೆಸಿದ ಗುಟ್ಕಾವನ್ನು 2013ರ ಮೇ ಕೊನೆಯಲ್ಲಿ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ತೂಗಿದವು. ಕೊಂಡವರು ಅಂಗೈಯಲ್ಲಿ ಬೆರೆಸಿಕೊಂಡರು. ಈ ಪೊಟ್ಟಣಗಳ ಒಣ ಅಡಿಕೆ ಚೂರು, ಊಟದ ಮೇಲಿನ ಎಲೆಯಡಿಕೆಗಿಂತ ಬೇಗ ಬಾಯಿ ಬಿಗಿಸುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಇಪ್ಪತ್ತು, ಮೂವತ್ತರ ಹರೆಯದವರು ದಂತವೈದ್ಯರ ಮುಂದೆ ಬಾಯಿ ತೆರೆಯಲಾಗದೆ ಕೂರುವುದು ಇದರಿಂದಲೇ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಅದನ್ನೇ ನಂಬಿದ ಮನೆಗಳು ಲೆಕ್ಕವಿಲ್ಲದಷ್ಟಿವೆ, ಬೆಲೆ ಕುಸಿದೀತೆಂಬ ಅವರ ದಿಗಿಲು ಸುಳ್ಳಲ್ಲ. ಆ ದಿಗಿಲಿಗೆ ಪರ್ಯಾಯ ಬೆಳೆ, ಬೇರೆ ಬಳಕೆಗಳ ಹುಡುಕಾಟ ಉತ್ತರವಾಗಬೇಕು. ಕಾಯಿಲೆಯೇ ಇಲ್ಲ ಎನ್ನುವುದು ಉತ್ತರವಲ್ಲ.

ಜಗಿಯುವ ರೂಢಿಯಿರುವವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆಯೊಂದಿದೆ. ಬಾಯಿ ಪೂರ್ತಿ ತೆರೆದು, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಇಟ್ಟು ನೋಡಬೇಕು. ಮೂರೂ ಹಿಡಿದರೆ ಸರಿ. ಎರಡಷ್ಟೇ ಹಿಡಿಯುತ್ತಿದ್ದರೆ, ಇಲ್ಲವೇ ಮೊದಲಿಲ್ಲದ ಉರಿ, ಬಿಳಿಚಿದ ಕೆನ್ನೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತಡಮಾಡಬಾರದು. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಥವಾ ಹಾಸನಾಂಬ ದಂತ ಕಾಲೇಜು, ಅಲ್ಲಿಂದ ಕಳಿಸಿದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ – ಎಲ್ಲಿ ಹತ್ತಿರವೋ ಅಲ್ಲಿ ತೋರಿಸಿಕೊಳ್ಳಬೇಕು, ಅಂದಿನಿಂದಲೇ ಅಡಿಕೆ ಬಿಡಬೇಕು.